ರಜೆಯ ನಡುವೆ ಒಂದು ದಿನ, ಇನ್ನೊಂದು ಊರು



ರಜೆ ಬಂತೆಂದರೆ ನಿಮ್ಮಲ್ಲಿ ಹಲವರು ಅಜ್ಜಿಯ ಮನೆಗೋ, ಸೋದರಮಾವನ ಮನೆಗೋ, ಮದುವೆಯಾಗಿ ಹೋದ ಅಕ್ಕನ ಮನೆಗೋ ಹೊರಡುತ್ತೀರಿ. ಹೀಗೆ ಒಂದು ಊರಿಗೆ ಹೋಗಿ ಎಂಟು ಹತ್ತು ದಿನ ಇರುವಾಗ, ಮನೆಯಲ್ಲಿ ಯಾರಾದರೊಬ್ಬರು ಒಂದು ಮಾತು ತೆಗೆದೇ ತೆಗೆಯುತ್ತಾರೆ: “ಇಷ್ಟು ದೂರ ಬಂದಿದ್ದೀರಿ, ಹತ್ತಿರದಲ್ಲೇ ಆ ಊರಿದೆ. ಒಂದು ದಿನ ಹೋಗಿ ಬಂದುಬಿಡಿ.” ಬೆಳಿಗ್ಗೆ ಹೋಗಿ ರಾತ್ರಿಗೆ ಮರಳುವ ಈ ಪ್ರವಾಸ ಕೇಳುವುದಕ್ಕೆ ಬಹಳ ಸುಲಭ. ಮಾಡಿ ನೋಡಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ಆ ಒಂದು ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಇಂದು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಒಂದು ತಪ್ಪು ಮಾಡಿ ಕಲಿತೆ. ಮೊದಲು ಆ ತಪ್ಪನ್ನೇ ಹೇಳಿಬಿಡುತ್ತೇನೆ.

ಅದು 1988ರ ಬೇಸಿಗೆ. ನಾನು ಆಗ ಪಿ.ಯು.ಸಿ. ಪರೀಕ್ಷೆ ಬರೆದಿದ್ದೆ. ಚಿತ್ರದುರ್ಗದ ಕಡೆಯ ನಮ್ಮ ಹಳ್ಳಿಯಿಂದ ಅಜ್ಜಿಯನ್ನು ಕರೆದುಕೊಂಡು ಬೆಂಗಳೂರಿನಲ್ಲಿದ್ದ ಸೋದರಮಾವನ ಮನೆಗೆ ಬಂದಿದ್ದೆ. ಮಾವ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು. ಎಲ್ಲರನ್ನೂ ಮೈಸೂರಿಗೆ ಕರೆದೊಯ್ಯಬೇಕೆಂದು ಒಂದು ದಿನ ರಜೆ ಹಾಕಿದರು. “ನೀನು ಓದಿದವನು, ಏನೇನು ನೋಡಬೇಕು ಅಂತ ಪಟ್ಟಿ ಮಾಡಪ್ಪ” ಎಂದರು. ನನಗೆ ಅಷ್ಟೇ ಸಾಕಾಗಿತ್ತು. ಕೂತು ಒಂಬತ್ತು ಸ್ಥಳಗಳನ್ನು ಬರೆದೆ. ಅರಮನೆ, ಜಗನ್ಮೋಹನ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಬೆಟ್ಟದ ನಂದಿ, ಸೇಂಟ್ ಫಿಲೋಮಿನಾ ಚರ್ಚು, ದೇವರಾಜ ಮಾರುಕಟ್ಟೆ, ಶ್ರೀರಂಗಪಟ್ಟಣ, ಕೊನೆಗೆ ಬೃಂದಾವನ.

ಅಂದು ನಸುಕಿನಲ್ಲಿ ರೈಲು ಹತ್ತಿದೆವು. ಆಗಿನ್ನೂ ಮೀಟರ್‌ಗೇಜ್ ಹಳಿ, ರೈಲು ನಿಧಾನ. ಮದ್ದೂರು ದಾಟಿದ ಮೇಲೆ ಅಜ್ಜಿ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: “ಆಗುತ್ತೇನೋ, ನಾನು ಓದಿದ ಶಾಲೆ ಹತ್ತಿರ ಒಂದು ಗಳಿಗೆ ಹೋಗಿ ಬರೋಣ?” ಮದುವೆಗೆ ಮುಂಚೆ ಅಜ್ಜಿ ಎರಡು ವರ್ಷ ಮೈಸೂರಿನಲ್ಲಿ ತಮ್ಮ ಚಿಕ್ಕಪ್ಪನ ಮನೆಯಲ್ಲಿದ್ದು ಓದಿದ್ದರು. ಹದಿಮೂರನೆಯ ವಯಸ್ಸಿಗೆ ಮದುವೆ ಗೊತ್ತಾಯಿತು, ಶಾಲೆ ಬಿಡಿಸಿದರು. ಆಮೇಲೆ ಅವರು ಮೈಸೂರನ್ನು ಮತ್ತೆ ನೋಡಿರಲಿಲ್ಲ. ಗೇಟಿನ ಒಳಗಿದ್ದ ಒಂದು ಸಂಪಿಗೆ ಮರದ ಮಾತನ್ನು ಮಾತ್ರ ಆಗಾಗ ಆಡುತ್ತಿದ್ದರು.

ನಾನು ಪಟ್ಟಿ ನೋಡಿದೆ. “ಅದು ಊರೊಳಗೇ ಇದೆಯಲ್ಲ ಅಜ್ಜಿ, ಕೊನೆಗೆ ಹೋಗೋಣ” ಎಂದೆ. ಒಂಬತ್ತರ ಕೆಳಗೆ ಹತ್ತನೆಯದಾಗಿ ಬರೆದುಕೊಂಡೆ.

ಮುಂದೆ ಆದದ್ದನ್ನು ನೀವೇ ಊಹಿಸಬಹುದು. ಅರಮನೆಯಲ್ಲಿ ಓಡಿದೆವು. ಜಗನ್ಮೋಹನ ಅರಮನೆಯನ್ನು ಹೊರಗಿನಿಂದಲೇ ನೋಡಿದೆವು. ಮೃಗಾಲಯದಲ್ಲಿ ಮಾವನ ಚಿಕ್ಕ ಮಗ ಜಿರಾಫೆಯ ಮುಂದಿನಿಂದ ಕದಲಲಿಲ್ಲ. ಅವನನ್ನು ಎಳೆದುಕೊಂಡು ಬಂದೆ, ಅವನು ಬೆಟ್ಟದವರೆಗೂ ಅತ್ತ. ಬೃಂದಾವನಕ್ಕೆ ಹೋಗುವ ಬಸ್ಸು ತಡವಾಯಿತು. ಕಾರಂಜಿಯ ಮುಂದೆ ಹತ್ತು ನಿಮಿಷ ನಿಂತು, ಮತ್ತೆ ಬಸ್ಸಿಗೆ ಓಡಿ, ರಾತ್ರಿಯ ರೈಲನ್ನು ಹೇಗೋ ಹಿಡಿದೆವು. ಶಾಲೆಗೆ ಹೋಗಲಿಲ್ಲ. ರೈಲಿನಲ್ಲಿ ನಾನು ಮುಖ ತಗ್ಗಿಸಿ ಕೂತಿದ್ದಾಗ ಅಜ್ಜಿಯೇ ಸಮಾಧಾನ ಹೇಳಿದರು: “ಇರಲಿ ಬಿಡಪ್ಪ. ಶಾಲೆ ಎಲ್ಲಿಗೆ ಹೋಗುತ್ತೆ? ಇನ್ನೊಂದು ಸಲ ನೋಡೋಣ.”

ಶಾಲೆ ಎಲ್ಲಿಗೂ ಹೋಗಲಿಲ್ಲ. ಎರಡು ವರ್ಷದ ನಂತರ ಅಜ್ಜಿ ತೀರಿಕೊಂಡರು. ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ: ಅರಮನೆಯಿಂದ ಆ ಶಾಲೆಗೆ ನಡೆದುಹೋಗುವಷ್ಟೇ ದಾರಿ. ನಮಗೆ ಸಮಯ ಇರಲಿಲ್ಲವೆಂದಲ್ಲ. ಬೇರೆ ಎಲ್ಲದಕ್ಕೂ ಇತ್ತು.

ಈಗ ಕಲಿತ ಪಾಠಕ್ಕೆ ಬರೋಣ. ಬೆಂಗಳೂರಿನಲ್ಲಿ ರಜೆ ಕಳೆಯುವವರು ಮೈಸೂರಿಗೆ ಹೋಗುವುದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ನಿಮ್ಮ ಊರುಗಳು ಬೇರೆ ಇರಬಹುದು, ಲೆಕ್ಕ ಒಂದೇ.

ಮೊದಲನೆಯ ಪ್ರಶ್ನೆ, ಆ ಊರು ಒಂದು ದಿನದ ಊರು ಹೌದೋ ಅಲ್ಲವೋ? ಇದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಸರಳ. ಹೋಗಿಬರುವ ಹೊತ್ತು, ಆ ಊರಿನಲ್ಲಿ ಇರುವ ಹೊತ್ತಿಗಿಂತ ಕಡಿಮೆ ಇರಬೇಕು. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು 139 ಕಿಲೋಮೀಟರು. ಈಗ ಜೋಡಿ ಹಳಿ, ವಿದ್ಯುತ್ ಎಂಜಿನ್. ಎರಡರಿಂದ ಮೂರು ಗಂಟೆಯ ಪ್ರಯಾಣ. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿಯಿಂದ ರಸ್ತೆಯ ಪ್ರಯಾಣವೂ ಹಿಂದಿಗಿಂತ ಬೇಗ ಆಗುತ್ತದೆ. ಹಾಗಾಗಿ ಇದು ಒಂದು ದಿನದ ಊರು. ಮಂಗಳೂರಿನಲ್ಲಿ ಇರುವವರಿಗೆ ಉಡುಪಿ, ಹುಬ್ಬಳ್ಳಿಯಲ್ಲಿ ಇರುವವರಿಗೆ ಬೆಳಗಾವಿ, ಕಲಬುರಗಿಯಲ್ಲಿ ಇರುವವರಿಗೆ ಬೀದರ್ ಇಂಥವೇ. ದೆಹಲಿಯಲ್ಲಿ ಬಂಧುಗಳಿದ್ದರೆ ಆಗ್ರಾ ಕೂಡ ಸೇರುತ್ತದೆ. ಆದರೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗಿ ಅಂದೇ ಮರಳುತ್ತೇನೆಂದರೆ ನೀವು ನೋಡುವುದು ರೈಲಿನ ಕಿಟಕಿಯನ್ನು ಮಾತ್ರ. ಅಂಥ ಊರನ್ನು ಬೇರೆ ರಜೆಗೆ ಉಳಿಸಿಕೊಳ್ಳಿ.

ಎರಡನೆಯ ಪ್ರಶ್ನೆ, ರಜೆಯ ಯಾವ ದಿನ? ಬಂದ ಮರುದಿನವೇ ಹೊರಡಬೇಡಿ; ಮೈ ಇನ್ನೂ ಮೊದಲ ಪ್ರಯಾಣದ ದಣಿವಿನಲ್ಲಿರುತ್ತದೆ. ಊರಿಗೆ ಮರಳುವ ಹಿಂದಿನ ದಿನವಂತೂ ಬೇಡವೇ ಬೇಡ. ಒಂದು ರೈಲು ತಪ್ಪಿದರೆ ಮರುದಿನದ ಪ್ರಯಾಣವೂ ಕೆಡುತ್ತದೆ. ರಜೆಯ ನಡುವಿನ ಒಂದು ದಿನ ಒಳ್ಳೆಯದು. ಹಿಂದೆ ಮುಂದೆ ಒಂದೊಂದು ಬಿಡುವಿನ ದಿನ ಇರಲಿ. ವಾರವನ್ನೂ ನೋಡಬೇಕು. ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ರಜೆ. ಆಗ್ರಾದ ತಾಜ್ ಮಹಲಿಗೆ ಶುಕ್ರವಾರ ಪ್ರವಾಸಿಗರನ್ನು ಬಿಡುವುದಿಲ್ಲ. ಮೈಸೂರು ಅರಮನೆಯ ದೀಪಾಲಂಕಾರ ಸಾಮಾನ್ಯವಾಗಿ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ. ದೀಪ ನೋಡಬೇಕೆಂದರೆ ಭಾನುವಾರ. ಜನಜಂಗುಳಿ ಬೇಡವೆಂದರೆ ಬೇರೆ ವಾರ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಹೊರಡುವ ಮುನ್ನ ಸಮಯಗಳನ್ನು ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ.

ಮೂರನೆಯದು ಗಂಟೆಗಳ ಲೆಕ್ಕ. ಇಲ್ಲಿ ದಯವಿಟ್ಟು ಒಂದು ಹಾಳೆ, ಪೆನ್ಸಿಲು ತೆಗೆದುಕೊಳ್ಳಿ. ಬೆಳಿಗ್ಗೆ ಒಂಬತ್ತೂವರೆಗೆ ಮೈಸೂರು ತಲುಪಿದಿರಿ ಎಂದಿಟ್ಟುಕೊಳ್ಳಿ. ಸಂಜೆ ಆರೂವರೆಯ ಹೊತ್ತಿಗೆ ಮರಳಿ ಹೊರಡಬೇಕು. ಕೈಯಲ್ಲಿ ಒಂಬತ್ತು ಗಂಟೆ. ಬಹಳ ಎನಿಸುತ್ತದೆ, ಅಲ್ಲವೇ? ಈಗ ಕಳೆಯುತ್ತಾ ಬನ್ನಿ. ಊಟಕ್ಕೆ, ಕಾಫಿಗೆ, ಕೈಕಾಲು ತೊಳೆಯುವುದಕ್ಕೆ ಒಂದು ಗಂಟೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದಕ್ಕೆ, ಬಸ್ಸಿಗೆ ಕಾಯುವುದಕ್ಕೆ, ಟಿಕೆಟ್ಟಿನ ಸಾಲಿನಲ್ಲಿ ನಿಲ್ಲುವುದಕ್ಕೆ ಎರಡು ಗಂಟೆ. ಮರಳುವ ಮುನ್ನ ಒಂದು ಗಂಟೆಯನ್ನು ಮುಟ್ಟದೆ ಇಡಬೇಕು. ಇದನ್ನು ನಾನು ಮೀಸಲು ಗಂಟೆ ಎನ್ನುತ್ತೇನೆ. ಮಳೆ ಬಂದರೆ, ಚಪ್ಪಲಿ ಕಿತ್ತುಹೋದರೆ, ಮಗುವಿಗೆ ಹೊಟ್ಟೆನೋವು ಬಂದರೆ ಖರ್ಚಾಗುವುದು ಈ ಗಂಟೆ. ಉಳಿದದ್ದು ಐದು. ಅರಮನೆಯನ್ನು ಸಾವಧಾನವಾಗಿ ನೋಡಲು ಎರಡು ಗಂಟೆ ಬೇಕು. ಮೃಗಾಲಯಕ್ಕೆ ಮೂರು ಗಂಟೆಯಾದರೂ ಬೇಕು. ಅಲ್ಲಿಗೆ ಐದು ಮುಗಿಯಿತು. ನನ್ನ ಒಂಬತ್ತು ಸ್ಥಳಗಳ ಪಟ್ಟಿ ಎಂಥ ಪಟ್ಟಿ ಎಂದು ಈಗ ನಿಮಗೆ ಅರ್ಥವಾಗಿರಬೇಕು. ದಿನವನ್ನು ಹಿಗ್ಗಿಸುವುದು ಯಾರ ಕೈಯಲ್ಲೂ ಇಲ್ಲ. ಪಟ್ಟಿಯನ್ನು ಕುಗ್ಗಿಸುವುದು ನಮ್ಮ ಕೈಯಲ್ಲಿದೆ. ಮೂರು ಸ್ಥಳ ಸಾಕು. ಮನೆಯವರು ಹೆಚ್ಚಿದ್ದರೆ ನಾಲ್ಕು, ಅದೂ ಹತ್ತಿರ ಹತ್ತಿರ ಇದ್ದರೆ.

ಹಾಗಾದರೆ ಯಾವ ಮೂರು? ಇದೇ ಮುಖ್ಯವಾದ ಮಾತು. ಪಟ್ಟಿಯನ್ನು ಒಬ್ಬರೇ ಕೂತು ಬರೆಯಬಾರದು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಬರುವವರೆಲ್ಲರನ್ನೂ ಒಂದೊಂದೇ ಪ್ರಶ್ನೆ ಕೇಳಿ: “ನಾಳೆ ಬೇರೆ ಏನೂ ಆಗದಿದ್ದರೂ ನೀವು ನೋಡಲೇಬೇಕಾದ್ದು ಯಾವುದು?” ಒಬ್ಬರಿಗೆ ಒಂದೇ ಉತ್ತರ. ಅಜ್ಜಿ, ಅತ್ತೆ, ಚಿಕ್ಕ ತಮ್ಮ, ಎಲ್ಲರನ್ನೂ ಕೇಳಬೇಕು. ಜೋರಾಗಿ ಮಾತಾಡುವವರು ಕೇಳದಿದ್ದರೂ ಹೇಳುತ್ತಾರೆ. ಮೆಲ್ಲಗೆ ಮಾತಾಡುವವರನ್ನು ಎರಡು ಸಲ ಕೇಳಬೇಕು. “ನನಗೇನಪ್ಪ, ನೀವು ಎಲ್ಲಿಗೆ ಕರೆದುಕೊಂಡು ಹೋದರೆ ಅಲ್ಲಿಗೆ” ಎನ್ನುವವರ ಮನಸ್ಸಿನಲ್ಲೇ ಬಹಳ ಸಲ ಒಂದು ಆಸೆ ಇರುತ್ತದೆ.

ಉತ್ತರಗಳು ಬಂದ ಮೇಲೆ ಎರಡು ಮೂರು ಸೇರಿ ಒಂದಾಗುವುದನ್ನು ನೋಡುತ್ತೀರಿ. ಅತ್ತೆಗೆ ಮಲ್ಲಿಗೆ, ಕುಂಕುಮ ಕೊಳ್ಳಬೇಕು. ನಿಮಗೆ ಅರಮನೆ ನೋಡಬೇಕು. ದೇವರಾಜ ಮಾರುಕಟ್ಟೆ ಅರಮನೆಗೆ ಹತ್ತಿರವೇ ಇದೆ, ನಡೆದೇ ಹೋಗಬಹುದು. ಚಿಕ್ಕವನಿಗೆ ಜಿರಾಫೆ ಬೇಕು, ಮೃಗಾಲಯವೂ ದೂರವಲ್ಲ. ಆದರೆ ಒಬ್ಬರು ಚಾಮುಂಡಿ ಬೆಟ್ಟ, ಇನ್ನೊಬ್ಬರು ಬೃಂದಾವನ ಎಂದರೆ ಅವು ಒಂದು ಆಗ್ನೇಯ ದಿಕ್ಕಿಗೆ, ಇನ್ನೊಂದು ವಾಯವ್ಯದ ಕಡೆಗೆ. ಬೃಂದಾವನ ಊರಿನಿಂದ ಸುಮಾರು 20 ಕಿಲೋಮೀಟರು. ಅದರ ಚೆಲುವಿರುವುದು ಕತ್ತಲಾದ ಮೇಲೆ. ರಾತ್ರಿಗೆ ಬೆಂಗಳೂರು ಸೇರಬೇಕಾದವರಿಗೆ ಅದು ಹೊಂದುವುದಿಲ್ಲ. ಇಲ್ಲಿ ಮಾತಾಡಿ, ಒಪ್ಪಿಸಿ, ಒಂದನ್ನು ಬಿಡಬೇಕಾಗುತ್ತದೆ. ಮನೆಯಲ್ಲಿ ಕೂತು ಬಿಟ್ಟುಕೊಟ್ಟರೆ ಯಾರಿಗೂ ನೋವಾಗುವುದಿಲ್ಲ. ಬೀದಿಯಲ್ಲಿ ನಿಂತು ಬಿಟ್ಟರೆ ನೋವಾಗುತ್ತದೆ.

ಇನ್ನು ಕ್ರಮ. ಯಾವುದು ತಪ್ಪಿಹೋದರೆ ಮತ್ತೆ ಸಿಗದೋ ಅದನ್ನು ಬೆಳಿಗ್ಗೆಯೇ ನೋಡಿಬಿಡಿ. ವಯಸ್ಸಾದವರ ಆಸೆಯನ್ನು ಮೊದಲಿಗೆ ಇಡಿ. ಬೆಳಿಗ್ಗೆ ಅವರ ಕಾಲಿನಲ್ಲಿ ಶಕ್ತಿ ಇರುತ್ತದೆ, ನಿಮ್ಮ ಮನಸ್ಸಿನಲ್ಲಿ ತಾಳ್ಮೆ ಇರುತ್ತದೆ. ಸಂಜೆಗೆ ಎರಡೂ ತೀರಿರುತ್ತವೆ. “ಕೊನೆಗೆ ಹೋಗೋಣ” ಎಂದು ಯಾವುದನ್ನು ಬರೆದುಕೊಳ್ಳುತ್ತೀರೋ ಅದಕ್ಕೆ ಹೋಗುವುದಿಲ್ಲ ಎಂದೇ ತಿಳಿಯಿರಿ.

ಒಂದು ದಿನದಲ್ಲಿ ಮೂರೇ ಸ್ಥಳ ನೋಡಿದರೆ ಏನು ಕಲಿತಂತಾಯಿತು ಎಂದು ನೀವು ಕೇಳಬಹುದು. ಎರಡು ಊರುಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡುವ ಅವಕಾಶ ನಿಮಗೆ ಸಿಗುತ್ತದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಕಚೇರಿಗಳು ಬೆಂಗಳೂರಿನಲ್ಲಿ ನೆಲೆಯಾದವು. 1881ರಲ್ಲಿ ರಾಜ್ಯ ಮತ್ತೆ ಒಡೆಯರಿಗೆ ಬಂದಾಗಲೂ ಅರಮನೆ ಒಂದು ಊರಿನಲ್ಲಿ, ಸರ್ಕಾರದ ಕಚೇರಿ ಇನ್ನೊಂದು ಊರಿನಲ್ಲಿ ಉಳಿಯಿತು. ನೀವು ಕೂರುವ ರೈಲು ಈ ಎರಡರ ನಡುವೆ ಓಡುತ್ತದೆ.

ಬೆಂಗಳೂರಿನಲ್ಲಿರುವಾಗ ಒಂದು ಸಂಜೆ ವಿಧಾನಸೌಧದ ಮುಂದೆ ನಿಂತು ನೋಡಿ. 1951ರಲ್ಲಿ ಜವಾಹರಲಾಲ್ ನೆಹರೂ ಅದಕ್ಕೆ ಅಡಿಗಲ್ಲು ಇಟ್ಟರು, ಕೆಂಗಲ್ ಹನುಮಂತಯ್ಯನವರು ಮುಂದೆ ನಿಂತು ಕಟ್ಟಿಸಿದರು, 1956ರಲ್ಲಿ ಮುಗಿಯಿತು. ನಮ್ಮ ನೆಲದ ಗ್ರಾನೈಟ್ ಕಲ್ಲಿನ ಕಟ್ಟಡ. ಮರುದಿನ ಮೈಸೂರಿನಲ್ಲಿ ಅರಮನೆ ನೋಡಿ. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿಯ ಮದುವೆಯ ಸಮಯದಲ್ಲಿ, ಬೆಂಕಿಗೆ ತುತ್ತಾಯಿತು. ಹೆನ್ರಿ ಇರ್ವಿನ್ ಎಂಬ ಶಿಲ್ಪಿ ಹೊಸದನ್ನು ರೂಪಿಸಿದರು, 1912ರಲ್ಲಿ ಅದು ಪೂರ್ಣವಾಯಿತು. ಅಲ್ಲಿನ ಕಲ್ಯಾಣ ಮಂಟಪದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕವಾಗಿ ಬಂದವು. ಬೆಂಕಿ ಕಂಡವರು ಕಬ್ಬಿಣವನ್ನು ಆರಿಸಿದ್ದು ಏಕೆಂದು ಅಲ್ಲಿ ನಿಂತು ಯೋಚಿಸಿ. ಒಂದು ರಾಜನಿಗಾಗಿ ಕಟ್ಟಿದ್ದು, ಇನ್ನೊಂದು ಜನರು ಆರಿಸಿದವರಿಗಾಗಿ ಕಟ್ಟಿದ್ದು. ನಡುವೆ ಇರುವುದು ಐವತ್ತು ವರ್ಷವೂ ಇಲ್ಲ. ಪಠ್ಯಪುಸ್ತಕದ ಎರಡು ಅಧ್ಯಾಯಗಳು ಎರಡು ದಿನದಲ್ಲಿ ಕಣ್ಣ ಮುಂದೆ ನಿಲ್ಲುತ್ತವೆ.

ನಿಮ್ಮ ಒಂದು ಆಸೆ ಇನ್ನೂ ಬೇರೆಯದೇ ಆಗಿರಬಹುದು. ಇತಿಹಾಸ ಓದುವವರು 1891ರಲ್ಲಿ ಆರಂಭವಾದ ಪ್ರಾಚ್ಯ ವಿದ್ಯಾ ಸಂಶೋಧನಾಲಯದ ಮುಂದೆ ನಿಲ್ಲಬಹುದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಆರ್. ಶಾಮಶಾಸ್ತ್ರಿಯವರು ಗುರುತಿಸಿದ್ದು ಅಲ್ಲಿಯೇ, 1909ರಲ್ಲಿ ಅದು ಅಚ್ಚಾಯಿತು. ರೇಡಿಯೋ ಕೇಳುತ್ತ ಬೆಳೆದವರು, 1935ರಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿ ‘ಆಕಾಶವಾಣಿ’ ಎಂಬ ಹೆಸರು ಬಳಸಿದ ಊರು ಇದು ಎಂದು ನೆನೆಯಬಹುದು. ಎಲ್ಲರೂ ನೋಡುವುದನ್ನೇ ನೀವೂ ನೋಡಬೇಕೆಂಬ ನಿಯಮ ಇಲ್ಲ.

ಕೆಲವು ಸಣ್ಣ ವಿಷಯಗಳನ್ನು ಹೇಳಿ ಮುಗಿಸುತ್ತೇನೆ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋದರೆ ಹಣವೂ ಉಳಿಯುತ್ತದೆ, ಹೋಟೆಲಿನಲ್ಲಿ ಕಾಯುವ ಹೊತ್ತೂ ಉಳಿಯುತ್ತದೆ. ಅರಮನೆಯೊಳಗೆ ಚಪ್ಪಲಿ ಬಿಟ್ಟು ಹೋಗಬೇಕು. ಸುಲಭವಾಗಿ ಕಳಚುವಂಥದ್ದನ್ನು ಹಾಕಿಕೊಳ್ಳಿ. ನಿಮ್ಮ ಶಾಲೆಯ ಅಥವಾ ಕಾಲೇಜಿನ ಗುರುತಿನ ಚೀಟಿ ಜೊತೆಗಿರಲಿ, ಕೆಲವು ಕಡೆ ವಿದ್ಯಾರ್ಥಿಗಳಿಗೆ ರಿಯಾಯಿತಿ ಉಂಟು. ಗುಂಪಿನಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕೆಂದು ಮೊದಲೇ ಹೇಳಿಡಿ. ಫೋನಿನ ಬ್ಯಾಟರಿಯನ್ನು ನಂಬಬೇಡಿ. ಮರಳುವ ರೈಲಿನ ಜೊತೆಗೆ, ಅದು ತಪ್ಪಿದರೆ ಹಿಡಿಯಬಹುದಾದ ಇನ್ನೊಂದು ರೈಲು ಅಥವಾ ಬಸ್ಸಿನ ಸಮಯವನ್ನೂ ಬರೆದುಕೊಳ್ಳಿ. ಮನೆಯಲ್ಲಿ ಉಳಿದವರಿಗೆ ಎಷ್ಟು ಹೊತ್ತಿಗೆ ಬರುತ್ತೀರೆಂದು ತಿಳಿಸಿ. ಮೂರು ಸ್ಥಳ ಮುಗಿದು ಸಮಯ ಉಳಿದರೆ, ನಾಲ್ಕನೆಯದನ್ನು ಹುಡುಕಿ ಓಡಬೇಡಿ. ಒಂದು ಮರದ ನೆರಳಿನಲ್ಲಿ ಕೂತು ಆ ಊರಿನ ಜನ ಹೇಗೆ ನಡೆದುಹೋಗುತ್ತಾರೆ ನೋಡಿ. ಅದೂ ಪ್ರವಾಸವೇ.

ಕೆಲವು ವರ್ಷಗಳ ಹಿಂದೆ ನನ್ನ ಮಗಳ ರಜೆಯಲ್ಲಿ ನಾವು ಮತ್ತೆ ಬೆಂಗಳೂರಿನಿಂದ ಮೈಸೂರಿಗೆ ಹೋದೆವು. ನನ್ನ ತಾಯಿಯೂ ಬಂದಿದ್ದರು. ಹಿಂದಿನ ರಾತ್ರಿ ನಾನು ಪ್ರಶ್ನೆ ಕೇಳಿದೆ. ಮಗಳು ಮೃಗಾಲಯ ಎಂದಳು. ನನ್ನ ಹೆಂಡತಿ ಅರಮನೆ ಎಂದಳು. ತಾಯಿ “ನನಗೇನು ಬೇಡ” ಎಂದರು. ಎರಡನೆಯ ಸಲ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮ ಓದಿದ ಶಾಲೆ” ಎಂದರು.

ಮರುದಿನ ರೈಲು ಇಳಿದವರೇ ಮೊದಲು ಅಲ್ಲಿಗೆ ಹೋದೆವು. ರಜೆಯ ದಿನ, ಗೇಟು ಹಾಕಿತ್ತು. ಕಂಬಿಗಳ ನಡುವಿನಿಂದ ನೋಡಿದರೆ ಒಳಗೆ ಎರಡು ಮೂರು ಮರ ಕಂಡವು. ಅದರಲ್ಲಿ ಅಜ್ಜಿಯ ಸಂಪಿಗೆ ಯಾವುದೋ, ಅದು ಉಳಿದಿದೆಯೋ ಇಲ್ಲವೋ, ನಮಗೆ ತಿಳಿಯಲಿಲ್ಲ. ತಾಯಿ ಗೇಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಮಗಳು ಒಂದೊಂದಾಗಿ ಕೇಳಿದಳು: ಅಜ್ಜಿಯ ಅಮ್ಮ ಎಷ್ಟನೇ ತರಗತಿಯವರೆಗೆ ಓದಿದರು? ಯಾಕೆ ಬಿಟ್ಟರು? ಅವರಿಗೆ ಬೇಜಾರಾಗಲಿಲ್ಲವೇ? ತಾಯಿ ಎಲ್ಲಕ್ಕೂ ಉತ್ತರ ಹೇಳಿದರು. ಅವುಗಳಲ್ಲಿ ಕೆಲವು ಉತ್ತರಗಳು ನನಗೂ ಹೊಸವು. ಅಲ್ಲಿ ನಾವು ಇದ್ದದ್ದು ಇಪ್ಪತ್ತು ನಿಮಿಷ. ಆಮೇಲೆ ಅರಮನೆ, ಮೃಗಾಲಯ ಎರಡನ್ನೂ ಓಡದೆ ನೋಡಿ, ಸಂಜೆಯ ರೈಲಿಗೆ ಅರ್ಧ ಗಂಟೆ ಮುಂಚೆಯೇ ನಿಲ್ದಾಣದಲ್ಲಿ ಇದ್ದೆವು.

ಮಿತ್ರರೇ, ಈ ರಜೆಯಲ್ಲಿ ನೀವೂ ಒಂದು ದಿನ ಇನ್ನೊಂದು ಊರಿಗೆ ಹೊರಡಬಹುದು. ಪಟ್ಟಿ ಬರೆಯುವ ಕೆಲಸ ನಿಮಗೇ ಬರಬಹುದು. ಬರೆಯುವ ಮುಂಚೆ ಮನೆಯವರನ್ನು ಕೇಳಿ. ಮೆಲ್ಲಗೆ ಮಾತಾಡುವವರನ್ನು ಎರಡು ಸಲ ಕೇಳಿ. ನಿಮ್ಮ ಪ್ರಯಾಣ ಸುಖಕರವಾಗಲಿ.